ಮರದ ತಿರುಳು: ಎರಡು ದೇಶಗಳ ಲೆಕ್ಕ

ನಿಮ್ಮ ಮಕ್ಕಳು ಬರೆಯುವ ಪುಸ್ತಕದ ಹಾಳೆ ಮೂಲದಲ್ಲಿ ಮರ. ಮರವನ್ನು ಚೂರುಮಾಡಿ, ಮದ್ದು ಹಾಕಿ ಬೇಯಿಸಿ, ನಾರನ್ನು ಬಿಡಿಸಿದರೆ ಬರುವುದೇ ತಿರುಳು. ಇದಕ್ಕೆ ಪಲ್ಪ್ ಅಂತಲೂ ಹೇಳುತ್ತಾರೆ. ಈ ತಿರುಳನ್ನು ಹೊರದೇಶಗಳಿಗೆ ಮಾರುವುದರಲ್ಲಿ ಕೆನಡಾ, ಬ್ರೆಜಿಲ್ ಎರಡೂ ದೊಡ್ಡ ಹೆಸರು. ಇವುಗಳ ಲೆಕ್ಕವನ್ನು ಪಕ್ಕಪಕ್ಕ ಇಟ್ಟು ನೋಡೋಣ.

2000ದಲ್ಲಿ ಕೆನಡಾ ಸುಮಾರು 120 ಲಕ್ಷ ಟನ್ ತಿರುಳು ರಫ್ತು ಮಾಡಿತು. ಬ್ರೆಜಿಲ್ ಸುಮಾರು 30 ಲಕ್ಷ ಟನ್. ನಾಲ್ಕಕ್ಕೆ ಒಂದು. 2010ರಲ್ಲಿ ಬ್ರೆಜಿಲ್ 80 ಲಕ್ಷ ದಾಟಿತು. ಕೆನಡಾ 100 ಲಕ್ಷದ ಆಸುಪಾಸಿಗೆ ಇಳಿಯಿತು. 2018ರ ಹೊತ್ತಿಗೆ ಬ್ರೆಜಿಲ್ 150 ಲಕ್ಷದ ಹತ್ತಿರ, ಕೆನಡಾ 100 ಲಕ್ಷಕ್ಕೂ ಕಡಿಮೆ. ಹಿಂದಿದ್ದವನು ಮುಂದೆ ಬಂದ!

ಹೇಗಂತೀರಾ? ಕಾರಣ ಮರದಲ್ಲೇ ಇದೆ. ಕೆನಡಾದ ಚಳಿಯಲ್ಲಿ ಸ್ಪ್ರೂಸ್, ಪೈನ್ ಮರ ಕಡಿಯುವ ಹದಕ್ಕೆ ಬರಲು 60ರಿಂದ 100 ವರ್ಷ ಬೇಕು. ಬ್ರೆಜಿಲಿನವರು ನೆಟ್ಟದ್ದು ನಮಗೂ ಗೊತ್ತಿರುವ ನೀಲಗಿರಿ. ತಳಿ ಆರಿಸಿ ನೆಟ್ಟು, ಅದನ್ನು 6–7 ವರ್ಷಕ್ಕೇ ಕಡಿಯುತ್ತಾರೆ. ಅಜ್ಜ ನೆಟ್ಟದ್ದನ್ನು ಮೊಮ್ಮಗ ಕಡಿಯುವುದು ಅಲ್ಲಿ. ನೆಟ್ಟವನೇ ಕಡಿಯುವುದು ಇಲ್ಲಿ.

ಕೆನಡಾಕ್ಕೆ ಬೇರೆ ಪೆಟ್ಟುಗಳೂ ಬಿದ್ದವು. ಅಲ್ಲಿ ತಿರುಳಿಗೆ ಬಹುಪಾಲು ಸಿಗುವುದು ಮರ ಕೊಯ್ಯುವ ಗಿರಣಿಗಳ ಚೂರು. 2008ರ ಸುಮಾರಿಗೆ ಅಮೆರಿಕದಲ್ಲಿ ಮನೆ ಕಟ್ಟುವುದು ಕುಸಿಯಿತು. ಹಲಗೆ ಕೇಳುವವರಿಲ್ಲದೆ ಗಿರಣಿ ನಿಂತವು, ಚೂರೂ ಕಡಿಮೆಯಾಯಿತು. ಪಶ್ಚಿಮದ ಬ್ರಿಟಿಷ್ ಕೊಲಂಬಿಯಾದಲ್ಲಿ 1990ರ ದಶಕದ ಕೊನೆಯಿಂದ ಪೈನ್ ಕೊರಕ ಹುಳು ಕಾಡಿನ ಮೇಲೆ ಕಾಡು ಒಣಗಿಸಿತು.

ಆದರೆ ಟನ್ನಿನ ಲೆಕ್ಕ ಒಂದನ್ನೇ ನೋಡಿ ಯಾರು ಗೆದ್ದರು ಅನ್ನಬೇಡಿ. ಸರಕು ಎರಡೂ ಒಂದೇ ಅಲ್ಲ. ಕೆನಡಾದ್ದು ಬಹುಪಾಲು ಉದ್ದ ನಾರು. ಕಾಗದಕ್ಕೆ ಗಟ್ಟಿತನ ಕೊಡುತ್ತೆ, ಟನ್ನಿಗೆ ಸಾಮಾನ್ಯವಾಗಿ ಬೆಲೆಯೂ ಹೆಚ್ಚು. ನೀಲಗಿರಿಯದು ಗಿಡ್ಡ ನಾರು. ಬರೆಯುವ ಕಾಗದಕ್ಕೆ, ಮೆತ್ತನೆಯ ಒರೆಸುವ ಕಾಗದಕ್ಕೆ ಚೆನ್ನ. ಜೋಳ, ರಾಗಿಗಳನ್ನು ಬರೀ ಪಲ್ಲದಲ್ಲಿ ಅಳೆದು ಲಾಭ ಹೇಳೋಕಾಗುತ್ತದೆಯೇ? ರಫ್ತು ಬೇರೆ, ಉತ್ಪತ್ತಿ ಬೇರೆ. ಮನೆಯಲ್ಲೇ ಕಾಗದ ಮಾಡಿದ ತಿರುಳು ರಫ್ತಿನ ಪಟ್ಟಿಗೆ ಬರುವುದಿಲ್ಲ. ಒಂದೇ ವರ್ಷ ನೋಡಿದರೂ ಮೋಸ. ಹತ್ತಿಪ್ಪತ್ತು ವರ್ಷದ ಸಾಲು ನೋಡಬೇಕು.

ಇದರಲ್ಲಿ ನಮಗೇನು? “ಬ್ರೆಜಿಲ್ ನೀಲಗಿರಿಯಿಂದ ಮೇಲೆ ಬಂತು, ನೀವೂ ನೆಡಿ” ಅಂತ ಯಾರಾದರೂ ಅಂಕಿ ತೋರಿಸಿಯಾರು. ಆಗ ಮಳೆಯ ಅಂಕಿಯನ್ನೂ ಕೇಳಿ. ಅಲ್ಲಿನ ತೋಟಗಳ ಬಹುಭಾಗಕ್ಕೆ ವರ್ಷಕ್ಕೆ 1,000 ಮಿಲಿಮೀಟರಿಗೂ ಮೇಲೆ ಮಳೆ. ನಮ್ಮ ಕೋಲಾರದ ಬಯಲಿಗೆ ಅಷ್ಟಿಲ್ಲ. ಅಂತರ್ಜಲದ ಚಿಂತೆಯಿಂದಲೇ 2017ರಲ್ಲಿ ಕರ್ನಾಟಕ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು.

ಆದ್ದರಿಂದ ಯಾವ ಬೆಳೆಯ ಅಂಕಿ ಕೈಗೆ ಬಂದರೂ ನಾಲ್ಕು ಮಾತು ಕೇಳಿ: ತೂಕವೋ ಹಣವೋ? ಸರಕು ಒಂದೇ ಬಗೆಯೋ? ಎಷ್ಟು ವರ್ಷದ ಲೆಕ್ಕ? ಅಲ್ಲಿನ ನೆಲ, ನೀರು ನಮಗುಂಟೋ? ಇಷ್ಟು ತಿಳಿದ ಮೇಲೆ ಗುದ್ದಲಿ ಹಿಡಿಯಿರಿ.