ದಾದಿಯರ ಉದ್ಯೋಗತೃಪ್ತಿಯನ್ನು ಅಳೆಯುವ ಬಗೆ

ಬಿಜೈ ಬಸ್ಸು ನಿಲ್ದಾಣದಲ್ಲಿ ರಾತ್ರಿಯ ಪಾಳಿ ಮುಗಿಸಿ ನಿಂತಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರನ್ನು ಕಂಡಾಗಲೆಲ್ಲ, "ಕೆಲಸ ಹೇಗಿದೆಯಮ್ಮಾ?" ಎಂದು ನಾವು ವಿಚಾರಿಸುವುದುಂಟು. "ಒಳ್ಳೆಯದೇ ಇದೆ, ಟೀಚರ್" ಎಂಬುದೇ ಎಲ್ಲರ ಉತ್ತರ. ಹಾಗಾದರೆ ಕೆಲವರು ಎರಡು ವರ್ಷ ತುಂಬುವುದರೊಳಗೆ ಆ ಕೆಲಸವನ್ನು ಬಿಡುವುದೇಕೆ?

ತೃಪ್ತಿಯನ್ನು ಅಳೆಯಬಹುದು, ಆದರೆ ಒಂದೇ ಪ್ರಶ್ನೆಯಿಂದಲ್ಲ. ಅಮೇರಿಕದ ಮನಃಶಾಸ್ತ್ರಜ್ಞರಾದ ಪಾಲ್ ಸ್ಪೆಕ್ಟರರು 1985ರಲ್ಲಿ ಪ್ರಕಟಿಸಿದ ಪ್ರಶ್ನಾವಳಿಯಲ್ಲಿ 36 ವಾಕ್ಯಗಳಿರುವುವು. ಸಂಬಳ, ಬಡತಿ, ಮೇಲಧಿಕಾರಿಗಳ ನಡವಳಿಕೆ, ಮೆಚ್ಚುಗೆ, ಜೊತೆಗೆಲಸದವರು ಮೊದಲಾದ 9 ವಿಷಯಗಳಿಗೆ ತಲಾ 4 ವಾಕ್ಯಗಳು; ಪ್ರತಿಯೊಂದಕ್ಕೂ 1ರಿಂದ 6ರವರೆಗೆ ಅಂಕ. ಅರ್ಧದಷ್ಟು ವಾಕ್ಯಗಳನ್ನು ಬೇಕೆಂದೇ ದೂರಿನ ರೂಪದಲ್ಲಿ ಬರೆದಿರುವುದರಿಂದ ಅವುಗಳ ಅಂಕವನ್ನು ತಿರುಗಿಸಿ ಎಣಿಸಬೇಕು. ಓದದೆಯೇ ಎಲ್ಲದಕ್ಕೂ 'ಹೌದು' ಎಂದವಳು ಇಲ್ಲಿ ಸಿಕ್ಕಿಬೀಳುವಳು! ದಾದಿಯರಿಗೆಂದೇ ಪೌಲಾ ಸ್ಟ್ಯಾಂಪ್ಸರು ರಚಿಸಿದ ಅಳತೆಗೋಲಿನಲ್ಲಿ ಇನ್ನೊಂದು ವಿಶೇಷವಿದೆ. ಸಂಬಳ, ಸ್ವಾತಂತ್ರ್ಯ, ವೃತ್ತಿಗೌರವ ಮುಂತಾದ 6 ಅಂಶಗಳನ್ನು ಎರಡೆರಡಾಗಿ ಜೋಡಿಸಿ, ಇವುಗಳಲ್ಲಿ ನಿನಗೆ ಯಾವುದು ಹೆಚ್ಚಿನದೆಂದು ಮೊದಲು ಕೇಳಲಾಗುವುದು.

ಒಟ್ಟು ಮೊತ್ತವನ್ನು ಮಾತ್ರ ನೋಡಬಾರದು. ಕನ್ನಡದಲ್ಲಿ 90 ಅಂಕ ಪಡೆದು ಗಣಿತದಲ್ಲಿ ಬಿದ್ದವಳ ಸರಾಸರಿಯನ್ನು ತೋರಿಸಿ ಹೆತ್ತವರನ್ನು ಸಮಾಧಾನಪಡಿಸುವ ಶಿಕ್ಷಕಿಯುಂಟೇ? ಸಂಗಾತಿಗಳ ಪ್ರೀತಿಯಿದ್ದು ಸಂಬಳ ಸಾಲದವಳು ಮೊತ್ತದಲ್ಲಿ 'ಸಾಧಾರಣ ತೃಪ್ತೆ'ಯಾಗಿ ಕಾಣುವಳು. ಆಕೆಯ ಕಷ್ಟ ಆ ಅಂಕೆಯೊಳಗೆ ಅಡಗಿಹೋಗುವುದು.

ಪ್ರಶ್ನೆಯ ಭಾಷೆಯೂ ಮುಖ್ಯ. "ನಿಮ್ಮ ಸೇವೆಯಲ್ಲಿ ತೃಪ್ತಿಯಿದೆಯೇ?" ಎಂದು ಕೇಳಿದರೆ ನಮ್ಮ ಹುಡುಗಿಯರು ಇಲ್ಲವೆನ್ನಲಾರರು. ಸೇವೆಯೆಂಬಲ್ಲಿ ದೂರು ಸಲ್ಲದೆಂದು ಪ್ರತಿದಿನವೂ ಬೋಧಿಸಿದವರು ನಾವೇ ಅಲ್ಲವೇ? ಅವರ ಮೌನದಲ್ಲಿ ನಮ್ಮ ಪಾಲೂ ಇರುವುದೆಂದು ಈಗ ತೋರುತ್ತದೆ. ಸಂಬಳದ ಮಾತೆತ್ತುವುದು ನಾಚಿಕೆಯ ವಿಷಯವೇನಲ್ಲ. ಸುಪ್ರೀಂ ಕೋರ್ಟಿನ ನಿರ್ದೇಶನದಂತೆ ನೇಮಕವಾದ ಸಮಿತಿಯು 2016ರಲ್ಲಿ, 200ಕ್ಕಿಂತ ಹೆಚ್ಚು ಹಾಸಿಗೆಗಳುಳ್ಳ ಖಾಸಗಿ ಆಸ್ಪತ್ರೆಗಳು ದಾದಿಯರಿಗೆ ಸರಕಾರಿ ಆಸ್ಪತ್ರೆಗಳಷ್ಟೇ ಸಂಬಳ ಕೊಡಬೇಕೆಂದು ಶಿಫಾರಸು ಮಾಡಿತು. ಮಗಳನ್ನು ಕೆಲಸಕ್ಕೆ ಕಳುಹಿಸುವ ಹೆತ್ತವರು ಇದನ್ನು ತಿಳಿದಿರುವುದು ಒಳ್ಳೆಯದು.

ಉತ್ತರಪತ್ರಗಳನ್ನು ಮೇಟ್ರನರು ತಾವೇ ಕೂಡಿಸಿದರಂತೂ ಸತ್ಯ ಹೊರಬೀಳದು. ಮುಂದಿನ ಹಳೆವಿದ್ಯಾರ್ಥಿನಿಯರ ಕೂಟದಂದು ದಾದಿಯರಾಗಿರುವವರಿಗೆ ನಾವೂ ಒಂದು ಪ್ರಶ್ನಾವಳಿಯನ್ನು ಕೊಡುವೆವು. ದಯಮಾಡಿ ಹೆಸರು ಬರೆಯಬೇಡಿರಿ. ಮಾತುಗಳನ್ನೂ ಬರೆಯದೆ ಗುರುತು ಮಾತ್ರ ಹಾಕಿರಿ. ನಿಮ್ಮ ಕೈಬರಹ ನಮಗಿನ್ನೂ ಮರೆತಿಲ್ಲ.