ಭಾರ ಹೊತ್ತರೂ ಬಾಗದ ಬೆನ್ನು

ಮಕ್ಕಳೇ, ಈ ಬೇಸಿಗೆ ರಜೆಯಲ್ಲಿ ಹೆದ್ದಾರಿಯಲ್ಲಿ ಹೋಗುವಾಗ ಟ್ರೇಲರ್ ಎಳೆಯುವ ಪಿಕಪ್ ಟ್ರಕ್ಕುಗಳನ್ನು ಪಕ್ಕದಿಂದ ಗಮನಿಸಿ. ಕೆಲವು ಹಿಂಭಾಗ ಕುಸಿದು ಮೂತಿ ಎತ್ತಿಕೊಂಡು ಓಡುತ್ತವೆ. ಇನ್ನು ಕೆಲವು ಅಷ್ಟೇ ಭಾರ ಹೊತ್ತಿದ್ದರೂ ನೆಲಕ್ಕೆ ಸಮವಾಗಿರುತ್ತವೆ. ಇದರ ಗುಟ್ಟೇನು?

ಹಿಂಭಾಗ ಕುಸಿದರೆ ತೊಂದರೆ ಒಂದೆರಡಲ್ಲ. ಹೆಡ್‌ಲೈಟ್ ಮೇಲಕ್ಕೆ ತಿರುಗಿ ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಸ್ಪ್ರಿಂಗ್ ಮೊದಲೇ ಅದುಮಿಕೊಂಡಿರುವುದರಿಂದ ಸಣ್ಣ ಗುಂಡಿಗೂ ಗಾಡಿ ದಡಕ್ಕನೆ ಕುಕ್ಕುತ್ತದೆ. ಉಕ್ಕಿನ ಸ್ಪ್ರಿಂಗನ್ನೇ ಇನ್ನಷ್ಟು ಗಟ್ಟಿ ಮಾಡಿದರೆ? ಆಗ ಗಾಡಿ ಖಾಲಿ ಇರುವಾಗ ಕುದುರೆಯಂತೆ ಕುಣಿಯುತ್ತದೆ!

ಇದಕ್ಕೆ ಎಂಜಿನಿಯರುಗಳು ಕಂಡುಕೊಂಡ ಒಂದು ಉತ್ತರ ಗಾಳಿ. ಚಕ್ರಗಳ ಅಚ್ಚಿಗೂ ಮೇಲಿನ ಚಾಸಿಗೂ ನಡುವೆ ದಪ್ಪ ರಬ್ಬರಿನ ಗಾಳಿಚೀಲ ಇಡುತ್ತಾರೆ. ದೊಡ್ಡ ಲಾರಿಗಳಲ್ಲಿ ಚಾಸಿಗೆ ಒಂದು ವಾಲ್ವ್ ಇರುತ್ತದೆ. ಅದರ ಪುಟ್ಟ ತೋಳು ಅಚ್ಚಿಗೆ ಸೇರಿಕೊಂಡಿರುತ್ತದೆ. ಸಾಮಾನು ತುಂಬಿದಾಗ ಚಾಸಿ ಕೆಳಗಿಳಿಯುತ್ತದೆ, ತೋಳು ಮೇಲಕ್ಕೆ ತಿರುಗುತ್ತದೆ. ವಾಲ್ವ್ ತೆರೆದು ಟ್ಯಾಂಕಿನ ಗಾಳಿ ಚೀಲಕ್ಕೆ ನುಗ್ಗುತ್ತದೆ. ಚಾಸಿ ಮೊದಲಿನ ಎತ್ತರಕ್ಕೆ ಬಂದೊಡನೆ ವಾಲ್ವ್ ಮುಚ್ಚಿಕೊಳ್ಳುತ್ತದೆ. ಸಾಮಾನು ಇಳಿಸಿದಾಗ ಎಲ್ಲವೂ ತಿರುವುಮುರುವು: ಹೆಚ್ಚಿನ ಗಾಳಿ ‘ಉಸ್’ ಎಂದು ಹೊರಬೀಳುತ್ತದೆ.

ಪಿಕಪ್‌ಗಳಲ್ಲಿ ಈ ಕೆಲಸ ಸೆನ್ಸರ್ ಮತ್ತು ಕಂಪ್ಯೂಟರಿನದು. ರಾಮ್ 1500 ಪಿಕಪ್‌ಗೆ 2013ರ ಮಾದರಿಯಿಂದ ನಾಲ್ಕೂ ಚಕ್ರಗಳಿಗೆ ಗಾಳಿಚೀಲ ಹಾಕಿಸಿಕೊಳ್ಳಬಹುದಾಯಿತು. ರಸ್ತೆಯ ಪ್ರತಿ ಉಬ್ಬಿಗೂ ಗಾಳಿ ತುಂಬುತ್ತಾ ಕೂತರೆ ಆಗುವುದಿಲ್ಲವಲ್ಲ, ಅದಕ್ಕೇ ಕಂಪ್ಯೂಟರ್ ತುಸು ಕಾದು ನೋಡಿ ಕಂಪ್ರೆಸರಿಗೆ ಆಜ್ಞೆ ಕೊಡುತ್ತದೆ. ಊರಿಗೆ ಹೋದಾಗ ಬೆಂಗಳೂರಿನಿಂದ ಐರಾವತ ವೋಲ್ವೊ ಬಸ್ಸು ಹತ್ತಿದ್ದರೆ, ನೀವೂ ಇಂಥ ಗಾಳಿಚೀಲಗಳ ಮೇಲೆ ಕೂತು ಬಂದವರೇ!

ಈಗ ಒಂದು ಪ್ರಶ್ನೆ. ಟ್ರಕ್ ಸಮವಾಗಿ ನಿಂತಿದೆ ಎಂದರೆ ಭಾರ ಕಡಿಮೆಯಾಯಿತೇ? ಇಲ್ಲ! ಗಾಳಿಚೀಲ ಸರಿಪಡಿಸುವುದು ಎತ್ತರವನ್ನು ಮಾತ್ರ. ಟೈರು, ಅಚ್ಚು, ಬ್ರೇಕುಗಳ ಮೇಲಿನ ಭಾರ ಹಾಗೇ ಇರುತ್ತದೆ. ಸೀಸಾ ಆಟ ನೆನಪಿಸಿಕೊಳ್ಳಿ. ಹಿಂದಿನ ಚಕ್ರಕ್ಕಿಂತ ಆಚೆ ಟ್ರೇಲರ್ ಒತ್ತಿದಾಗ ಮುಂದಿನ ಚಕ್ರಗಳು ಹಗುರವಾಗುತ್ತವೆ. ಗಾಡಿ ಮಟ್ಟವಾಗಿ ಕಂಡರೂ ಅದು ತಪ್ಪುವುದಿಲ್ಲ.

ಅಮೆರಿಕದ ಅಂತರರಾಜ್ಯ ಹೆದ್ದಾರಿಗಳಲ್ಲಿ ಲಾರಿಯ ಒಟ್ಟು ತೂಕ ಸಾಮಾನ್ಯವಾಗಿ 80,000 ಪೌಂಡ್ ಮೀರಬಾರದು. ಭಾರ ಹೆಚ್ಚಿದಂತೆ ಚೀಲದ ಒತ್ತಡವೂ ಹೆಚ್ಚುತ್ತದೆ. ಆದ್ದರಿಂದ ಅನುಭವಿ ಚಾಲಕರು ಲಾರಿಯ ನಿಲುವನ್ನು ನಂಬದೆ ಗಾಳಿ ಒತ್ತಡದ ಮೀಟರ್ ನೋಡಿ ಅಚ್ಚಿನ ಮೇಲಿನ ತೂಕ ಅಂದಾಜು ಮಾಡುತ್ತಾರೆ.

ಪೋಷಕರೇ, ನಿಮ್ಮ ಟ್ರಕ್ಕಿಗೂ ಒಂದು ಮಿತಿ ಇದೆ. ಚಾಲಕನ ಬಾಗಿಲು ತೆರೆದರೆ ಪಕ್ಕದ ಕಂಬದಲ್ಲಿ ಹಳದಿ-ಬಿಳಿ ಚೀಟಿ ಕಾಣುತ್ತದೆ. ಜನ ಮತ್ತು ಸಾಮಾನು ಸೇರಿ ಎಷ್ಟು ತೂಕ ಮೀರಬಾರದು ಎಂದು ಅದರಲ್ಲಿ ಬರೆದಿರುತ್ತದೆ. ಟ್ರೇಲರಿನ ಮೂತಿ ಕೊಂಡಿಯ ಮೇಲೆ ಒತ್ತುವ ಭಾರವೂ ಈ ಲೆಕ್ಕಕ್ಕೇ ಸೇರಬೇಕು. ಅದು ಸಾಮಾನ್ಯವಾಗಿ ಟ್ರೇಲರಿನ ತೂಕದ ನೂರಕ್ಕೆ 10ರಿಂದ 15ರಷ್ಟು.

ಮಕ್ಕಳೇ, ಈ ಲೆಕ್ಕ ಮಾಡಿ. ಚೀಟಿಯ ಮಿತಿ 1,400 ಪೌಂಡ್ ಎಂದುಕೊಳ್ಳಿ. ಅಪ್ಪ, ಅಮ್ಮ, ನೀವು ಸೇರಿ 400. ಕೊಂಡಿಯ ಮೇಲೆ 600. ಹಿಂದಿನ ತೊಟ್ಟಿಯಲ್ಲಿ ಸಾಮಾನು 250. ಊರಿಂದ ಬಂದ ಅಜ್ಜ, ಅಜ್ಜಿ 280. ಒಟ್ಟು ಎಷ್ಟಾಯಿತು? ಮಿತಿ ಮೀರಿದರೆ ಏನನ್ನು ಮನೆಯಲ್ಲಿ ಬಿಡುತ್ತೀರಿ? ಅಜ್ಜ-ಅಜ್ಜಿಯನ್ನಂತೂ ಬಿಡುವಂತಿಲ್ಲ! ಉತ್ತರ ಬರೆದುಕೊಂಡು ಮುಂದಿನ ತರಗತಿಗೆ ಬನ್ನಿ. ಜೊತೆಗೆ ನಿಮ್ಮ ಗಾಡಿಯ ಚೀಟಿಯಲ್ಲಿರುವ ಸಂಖ್ಯೆಯನ್ನೂ ಕನ್ನಡ ಅಂಕಿಗಳಲ್ಲಿ ಬರೆದು ತನ್ನಿ.