ಅತಿಮಾನವನ ಕೆಂಪು ಚಲ್ಲಣ

ವೇಷವನ್ನು ಕಂಡು ಮನುಷ್ಯನ ಯೋಗ್ಯತೆಯನ್ನು ಅಳೆಯಬಾರದೆಂದು ಹಿರಿಯರು ಹೇಳುವರು. ಲೋಕವ್ಯವಹಾರದಲ್ಲಿ ಇದು ಒಪ್ಪತಕ್ಕ ಮಾತೇ ಸರಿ. ಆದರೆ ಕಥೆಯ ಲೋಕದಲ್ಲಿ ನ್ಯಾಯವೇ ಬೇರೆ. ಅಲ್ಲಿ ವೇಷವೇ ಮೊದಲನೆಯ ಮಾತು. ಪಾತ್ರಧಾರಿಯು ಬಾಯಿ ತೆರೆಯುವುದಕ್ಕೆ ಮೊದಲೇ, ಬಂದವನು ರಾಜನೋ ರಾಕ್ಷಸನೋ ಎಂಬುದನ್ನು ಕಿರೀಟವೂ ಬಣ್ಣವೂ ಸಾರಿಬಿಡುವುವು. ಬಯಲಾಟವನ್ನು ನೋಡಿ ಬಲ್ಲ ವಾಚಕರಿಗೆ ಇದನ್ನು ಬಿಡಿಸಿ ಹೇಳಬೇಕಾದುದಿಲ್ಲ. ಆದುದರಿಂದ ಅಮೇರಿಕಾ ದೇಶದಲ್ಲಿ ಒಬ್ಬ ಕಥಾನಾಯಕನ ಚಲ್ಲಣದ ವಿಷಯವಾಗಿ ಅಸಂಖ್ಯಾತ ಜನರು ಸುಮಾರು ಹದಿನಾಲ್ಕು ವರ್ಷಗಳ ಕಾಲ ವಾದಿಸಿದರೆಂದು ಕೇಳಿದಾಗ ನಗು ಬಂದರೂ, ಅದನ್ನು ಕ್ಷಣಕಾಲ ತಡೆದು, ಆ ವಾದದ ಮೂಲವೇನೆಂದು ವಿಚಾರಿಸುವುದು ಯುಕ್ತ.

ಆ ಕಥಾನಾಯಕನು ಸೂಪರ್‌ಮ್ಯಾನ್, ಎಂದರೆ ಅತಿಮಾನವ. ನೀಲಿಯ ಮೈಗಂಟಿದ ಉಡುಪು, ಬೆನ್ನ ಮೇಲೆ ಹಾರಾಡುವ ಕೆಂಪು ಉತ್ತರೀಯ, ಎದೆಯ ಮೇಲೆ ಒಂದು ಲಾಂಛನ, ಹಳದಿಯ ನಡುಕಟ್ಟು, ಉಡುಪಿನ ಮೇಲೆಯೇ ತೊಟ್ಟ ಕೆಂಪು ಚಲ್ಲಣ: ಈ ರೂಪವನ್ನು ಅರಿಯದ ಮಕ್ಕಳು ಇಂದು ಯಾವ ಪಟ್ಟಣದಲ್ಲಿಯೂ ವಿರಳ. 1938ನೆಯ ಇಸವಿಯ ಜೂನ್ ತಿಂಗಳ ಹೆಸರನ್ನು ಹೊತ್ತು ಹೊರಟ ‘ಆಕ್ಷನ್ ಕಾಮಿಕ್ಸ್’ ಎಂಬ ಚಿತ್ರಕಥೆಗಳ ಪತ್ರಿಕೆಯ ಮೊದಲನೆಯ ಸಂಚಿಕೆಯಲ್ಲಿ ಅವನು ಅವತರಿಸಿದನು. ಸಂಚಿಕೆಯ ಬೆಲೆ 10 ಸೆಂಟುಗಳು. ಅವನನ್ನು ಸೃಷ್ಟಿಸಿದವರು ಓಹಾಯೋ ಪ್ರಾಂತ್ಯದ ಕ್ಲೀವ್‌ಲೆಂಡ್ ನಗರದಲ್ಲಿ ಒಂದೇ ಶಾಲೆಯಲ್ಲಿ ಓದಿದ ಇಬ್ಬರು ಗೆಳೆಯರು. ಕಥೆಯನ್ನು ಬರೆದವನು ಜೆರ್ರಿ ಸೀಗಲ್. ಚಿತ್ರವನ್ನು ಬರೆದವನು ಜೋ ಶುಸ್ಟರ್. ಇಬ್ಬರೂ 1914ರಲ್ಲಿ ಹುಟ್ಟಿದವರು. ಇಬ್ಬರೂ ಯುರೋಪಿನಿಂದ ವಲಸೆ ಬಂದ ಬಡ ಯೆಹೂದಿ ಕುಟುಂಬಗಳಿಗೆ ಸೇರಿದವರು.

ಉಡುಪಿನ ಕಥೆಯನ್ನು ಹೇಳುವಾಗ ಒಂದು ಸಂಗತಿಯನ್ನು ಮರೆಯಲಾಗದು. ಶುಸ್ಟರನ ತಂದೆ ದರ್ಜಿ. ಸೀಗಲನ ತಂದೆಗೆ ಬಟ್ಟೆಯ ಅಂಗಡಿಯಿದ್ದಿತು. ಹೀಗೆ ಜಗತ್ತಿನ ಅತ್ಯಂತ ಪ್ರಸಿದ್ಧವಾದ ವೇಷವೊಂದು ಬಟ್ಟೆಯ ವೃತ್ತಿಯನ್ನೇ ನಂಬಿದ್ದ ಎರಡು ಮನೆಗಳಿಂದ ಹೊರಟಿತು. 1932ರಲ್ಲಿ ಕಳ್ಳರು ಸೀಗಲನ ತಂದೆಯ ಅಂಗಡಿಗೆ ನುಗ್ಗಿದರು. ಆ ಆಘಾತದಲ್ಲಿ ಆತನ ಹೃದಯವು ನಿಂತು ಹೋಯಿತು. ಮಗನಿಗೆ ಆಗ ಹದಿನೇಳು ವರ್ಷ. ಕೆಲವು ವರ್ಷಗಳ ಮೇಲೆ ಅದೇ ಮಗನು, ಗುಂಡು ತಗುಲಿದರೂ ಅಳುಕದ, ದುರ್ಬಲರ ಪಕ್ಷ ವಹಿಸುವ ನಾಯಕನೊಬ್ಬನನ್ನು ಲೋಕಕ್ಕೆ ಕೊಟ್ಟನು. ಇವೆರಡಕ್ಕೂ ಸಂಬಂಧವನ್ನು ಕಲ್ಪಿಸುವುದು ವಾಚಕರಿಗೆ ಬಿಟ್ಟದ್ದು. ಆದರೆ ಮೊದಲನೆಯ ಕಥೆಯಲ್ಲಿಯೇ ಅತಿಮಾನವನು ಮಾಡುವ ಕಾರ್ಯಗಳು ಗಮನಾರ್ಹವಾಗಿವೆ: ನಿರಪರಾಧಿಯಾದ ಒಬ್ಬ ಹೆಂಗಸನ್ನು ಮರಣದಂಡನೆಯಿಂದ ಪಾರುಮಾಡುವನು, ಹೆಂಡತಿಯನ್ನು ಹೊಡೆಯುತ್ತಿದ್ದ ಗಂಡನೊಬ್ಬನನ್ನು ದಂಡಿಸುವನು. ಗೆದ್ದ ರಾಜ್ಯವಿಲ್ಲ, ದೊರೆತ ನಿಧಿಯಿಲ್ಲ.

ಇಂಥವನಿಗೆ ಆ ವಿಚಿತ್ರವಾದ ಉಡುಪೇತಕ್ಕೆ? ಕಾರಣಗಳು ಸರಳವಾಗಿವೆ. ಅಂದಿನ ಸರ್ಕಸ್ಸಿನ ಬಲಭೀಮರೂ ಕುಸ್ತಿಯ ಜಟ್ಟಿಗಳೂ ಮೈಗಂಟಿದ ಉಡುಪಿನ ಮೇಲೆ ಬೇರೊಂದು ಬಣ್ಣದ ಚಲ್ಲಣವನ್ನು ತೊಡುತ್ತಿದ್ದರು. ವ್ಯಾಯಾಮದಲ್ಲಿ ಆಸಕ್ತನಾಗಿದ್ದ ಶುಸ್ಟರನಿಗೆ ಬಲವೆಂದೊಡನೆ ಆ ರೂಪವೇ ಕಣ್ಣಿಗೆ ಕಟ್ಟಿತು. ಅದೂ ಅಲ್ಲದೆ, ಅಗ್ಗದ ಕಾಗದದ ಮೇಲೆ ಕೆಲವೇ ಬಣ್ಣಗಳಲ್ಲಿ ಅಚ್ಚಾಗುವ ಪತ್ರಿಕೆಯಲ್ಲಿ ಸೂಕ್ಷ್ಮವಾದ ಛಾಯೆಗಳಿಗೆ ಅವಕಾಶವಿರಲಿಲ್ಲ. ಅಪ್ಪಟ ಕೆಂಪು, ಅಪ್ಪಟ ನೀಲಿ, ಅಪ್ಪಟ ಹಳದಿ ಇವು ಮಾತ್ರ ಎದ್ದು ಕಾಣುವುವು. ಅಡಿಯಿಂದ ಮುಡಿಯವರೆಗೆ ಒಂದೇ ನೀಲಿಯಾದರೆ ಆಕೃತಿಯು ಮುದ್ದೆಯಾಗಿ ತೋರುವುದು. ನಡುವಿನ ಕೆಂಪು ಅದನ್ನು ಒಡೆದು, ಕಾಲು ಕೈಗಳ ಚಲನೆಯನ್ನು ಸ್ಪಷ್ಟಪಡಿಸುವುದು. ಬೆನ್ನ ಹಿಂದೆ ಹಾರುವ ಉತ್ತರೀಯವಂತೂ ನಿಶ್ಚಲವಾದ ಚಿತ್ರಕ್ಕೆ ವೇಗವನ್ನು ಕೊಟ್ಟಿತು. ಚಿತ್ರಗಾರನ ಅನುಕೂಲಕ್ಕಾಗಿ ಹುಟ್ಟಿದ ಈ ವೇಷವು ಮಕ್ಕಳ ಕಣ್ಣಿಗೆ ಅಭಯದ ಗುರುತಾಗಿ ಪರಿಣಮಿಸಿತು. ಆಕಾಶದಲ್ಲಿ ಆ ಬಣ್ಣ ಕಂಡರೆ ಬರುವವನು ಶತ್ರುವಲ್ಲ, ಮಿತ್ರನು.

ಕಾಗದದ ಮೇಲಣ ವೇಷವನ್ನು ಜೀವಂತ ಮನುಷ್ಯನ ಮೈಗೆ ತೊಡಿಸುವುದು ಬೇರೆಯೇ ಒಂದು ವಿದ್ಯೆ. 1940ನೆಯ ಇಸವಿ ಜುಲೈ 3ನೆಯ ತಾರೀಖು ನ್ಯೂಯಾರ್ಕಿನ ವಿಶ್ವಪ್ರದರ್ಶನದಲ್ಲಿ ‘ಸೂಪರ್‌ಮ್ಯಾನ್ ದಿನ’ವನ್ನು ಆಚರಿಸಿದಾಗ, ರೇ ಮಿಡಲ್‌ಟನ್ ಎಂಬ ನಟನು ಈ ಉಡುಪನ್ನು ಧರಿಸಿ ಜನರೆದುರಿಗೆ ಬಂದನು. 1952ರಲ್ಲಿ ಆರಂಭವಾದ ದೂರದರ್ಶನ ಮಾಲೆಯಲ್ಲಿ ಜಾರ್ಜ್ ರೀವ್ಸ್ ಎಂಬಾತನು ಈ ಪಾತ್ರವನ್ನು ವಹಿಸಿದನು. ಮೊದಲಿನ ಭಾಗಗಳು ಕಪ್ಪು ಬಿಳುಪಿನವು. ಕೆಂಪು ನೀಲಿಗಳು ಆ ಪಟದಲ್ಲಿ ಒಂದರಿಂದೊಂದು ಬೇರೆಯಾಗಿ ತೋರದೆ ಇರುವುದರಿಂದ, ಆತನ ನಿಜವಾದ ಉಡುಪು ಕಂದು ಮತ್ತು ಬೂದು ಬಣ್ಣಗಳದಾಗಿದ್ದಿತು! ನೋಡುವ ಮಕ್ಕಳಾದರೋ ಅದನ್ನು ತಮ್ಮ ಮನಸ್ಸಿನಲ್ಲಿಯೇ ಕೆಂಪು ನೀಲಿಗಳನ್ನಾಗಿ ಮಾಡಿಕೊಂಡರು.

1978ರಲ್ಲಿ ರಿಚರ್ಡ್ ಡಾನರ್ ಎಂಬ ನಿರ್ದೇಶಕನ ದೊಡ್ಡ ಚಲಚ್ಚಿತ್ರವು ಬಂದಿತು. ನಾಯಕನು ಕ್ರಿಸ್ಟೋಫರ್ ರೀವ್. ವಸ್ತ್ರವಿನ್ಯಾಸಕಿ ಇವಾನ್ ಬ್ಲೇಕ್. ರೀವನು ಮೊದಲು ಕೃಶನಾಗಿದ್ದನು. ಉಡುಪಿನೊಳಗೆ ಹತ್ತಿಯ ಮೆತ್ತೆಗಳನ್ನು ತುಂಬಿ ಸ್ನಾಯುಗಳನ್ನು ತೋರಿಸುವುದಕ್ಕೆ ಆತನು ಒಪ್ಪಲಿಲ್ಲ. ಡೇವಿಡ್ ಪ್ರೌಸ್ ಎಂಬ ಬಲಶಾಲಿಯ ಬಳಿ ಸಾಧನೆಮಾಡಿ ಮೈಯನ್ನೇ ಬೆಳೆಸಿಕೊಂಡನು. ಹಾರುವ ದೃಶ್ಯಗಳಲ್ಲಿ ಇನ್ನೊಂದು ತೊಡಕು. ನೀಲಿಯ ಪರದೆಯ ಮುಂದೆ ನಟನನ್ನು ಚಿತ್ರಿಸಿ, ಆ ನೀಲಿಯನ್ನು ತೆಗೆದು, ಅಲ್ಲಿ ಆಕಾಶವನ್ನು ಕೂಡಿಸುವುದು ಅಂದಿನ ಪದ್ಧತಿ. ಉಡುಪೂ ನೀಲಿಯಾದರೆ ನಾಯಕನ ಮೈಯೇ ಮಾಯವಾಗುವುದಲ್ಲವೆ? ಅದಕ್ಕಾಗಿ ಹಸುರು ಮಿಶ್ರವಾದ ನೀಲಿಯ ಬೇರೊಂದು ಉಡುಪನ್ನು ಹೊಲಿಸಬೇಕಾಯಿತು. ಇಷ್ಟು ಶ್ರಮವೆಲ್ಲ, ಕಥೆಯ ಪುಟದಲ್ಲಿ ಕಂಡವನನ್ನೇ ಪರದೆಯ ಮೇಲೆ ಕಾಣಿಸಬೇಕೆಂಬ ಒಂದು ಹಟಕ್ಕಾಗಿ.

ಆ ಚಲಚ್ಚಿತ್ರದ ಮೊದಲಲ್ಲಿ ಸೀಗಲ್ ಮತ್ತು ಶುಸ್ಟರರ ಹೆಸರುಗಳು ಮೂಡಿದುವು. ಇದು ಸುಲಭವಾಗಿ ಬಂದ ಗೌರವವಲ್ಲ. 1938ರಲ್ಲಿ ಅವರು ತಮ್ಮ ನಾಯಕನ ಸರ್ವಸ್ವಾಮ್ಯವನ್ನು ಕೇವಲ 130 ಡಾಲರುಗಳಿಗೆ ಬರೆದುಕೊಟ್ಟಿದ್ದರು. ಅವನು ಪ್ರಕಾಶಕರಿಗೆ ಕೋಟ್ಯಂತರ ಹಣವನ್ನು ತಂದಾಗ ಇವರಿಗೆ ಬಡತನವೇ ಉಳಿದಿತ್ತು. ಶುಸ್ಟರನಿಗೆ ದೃಷ್ಟಿಯೂ ಬಹುಮಟ್ಟಿಗೆ ಹೋಗಿತ್ತು. 1975ರಲ್ಲಿ ಸೀಗಲನು ಬಹಿರಂಗವಾಗಿ ಮೊರೆಯಿಟ್ಟನು; ಚಿತ್ರಗಾರರೂ ಅಭಿಮಾನಿಗಳೂ ಅವನ ಬೆಂಬಲಕ್ಕೆ ನಿಂತರು. ಅದರ ಫಲವಾಗಿ ಇಬ್ಬರಿಗೂ ವರ್ಷಾಶನವೂ, ಕೃತಿಯ ಮೇಲೆ ತಮ್ಮ ಹೆಸರೂ ದೊರೆತುವು. ಅಭಿಮಾನವೆಂಬುದು ಬರಿಯ ಬಟ್ಟೆಯ ಹುಚ್ಚಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಇನ್ನು ಚಲ್ಲಣದ ವಿವಾದಕ್ಕೆ ಬರೋಣ. 2011ರಲ್ಲಿ ಪ್ರಕಾಶಕರು ತಮ್ಮ ಚಿತ್ರಕಥೆಗಳನ್ನೆಲ್ಲ ಹೊಸದಾಗಿ ಆರಂಭಿಸಿದಾಗ, ಕೆಂಪು ಚಲ್ಲಣವನ್ನು ಹಳೆಯ ಕಾಲದ ಹಾಸ್ಯಾಸ್ಪದವಾದ ವಸ್ತುವೆಂದು ತೆಗೆದುಹಾಕಿದರು. ಅದೇ ವರ್ಷ, ಜ್ಯಾಕ್ ಸ್ನೈಡರನು ನಿರ್ದೇಶಿಸುತ್ತಿದ್ದ ‘ಮ್ಯಾನ್ ಆಫ್ ಸ್ಟೀಲ್’ ಎಂಬ ಚಲಚ್ಚಿತ್ರದಿಂದ ಒಂದು ಭಾವಚಿತ್ರವು ಹೊರಬಿದ್ದಿತು. ಅದರಲ್ಲಿ ಹೆನ್ರಿ ಕ್ಯಾವಿಲನು ತೊಟ್ಟಿದ್ದ ಉಡುಪು ಲೋಹದ ಬಲೆಯಂತೆ ಒರಟು, ಬಣ್ಣ ಮಬ್ಬು, ಚಲ್ಲಣವಿಲ್ಲ. ಅದನ್ನು ಉಳಿಸಿಕೊಳ್ಳುವುದಕ್ಕೆ ಬಹಳ ಪ್ರಯತ್ನಿಸಿದೆನೆಂದೂ ತನ್ನ ಕಥೆಯ ಲೋಕಕ್ಕೆ ಅದು ಹೊಂದಲಿಲ್ಲವೆಂದೂ ಸ್ನೈಡರನು ಹೇಳಿದನು. ಚಲಚ್ಚಿತ್ರವು ಬಂದುದು 2013ರ ಜೂನ್ ತಿಂಗಳಿನಲ್ಲಿ. ಒಂದೇ ಒಂದು ಭಾವಚಿತ್ರವನ್ನು ಹಿಡಿದು ಅಭಿಮಾನಿಗಳು ಚರ್ಚಿಸಿದುದು ಅದಕ್ಕೆ ಮೊದಲು ಸುಮಾರು ಎರಡು ವರ್ಷ. ಒಂದು ಪಕ್ಷದವರು, “ಕಾಲಕ್ಕೆ ತಕ್ಕ ವೇಷ, ಈಗಿನ ಪ್ರೇಕ್ಷಕರು ನಗುವಂತಾಗಬಾರದು” ಎಂದರು. ಇನ್ನೊಂದು ಪಕ್ಷದವರು, “ಬಣ್ಣ ಮಬ್ಬಾದರೆ ಮನಸ್ಸೂ ಮಬ್ಬಾಗುವುದು; ಇವನು ನಮ್ಮನ್ನು ಕಾಯುವವನೋ, ಕಾದುವವನೋ?” ಎಂದರು.

ಅಭಿಮಾನಿಗಳು ಹೇಳಿದುದೆಲ್ಲ ಸರಿಯೆಂದು ಭಾವಿಸಬೇಕಾಗಿಲ್ಲ. 1989ರ ‘ಬ್ಯಾಟ್‌ಮ್ಯಾನ್’ ಚಲಚ್ಚಿತ್ರಕ್ಕೆ ಹಾಸ್ಯನಟನೆಂದು ಹೆಸರಾಗಿದ್ದ ಮೈಕೆಲ್ ಕೀಟನ್ನನನ್ನು ಆರಿಸಿದಾಗ ಸುಮಾರು 50,000 ಪ್ರತಿಭಟನೆಯ ಪತ್ರಗಳು ಬಂದುವೆಂದು ಪ್ರಸಿದ್ಧಿಯಿದೆ. ಬಾಬ್ ರಿಂಗ್‌ವುಡ್ ನಿರ್ಮಿಸಿದ ಉಡುಪು, ಕಥೆಯ ಪುಟಗಳಲ್ಲಿದ್ದ ಬೂದು ನೀಲಿಗಳನ್ನು ಬಿಟ್ಟು, ಅಚ್ಚಗಪ್ಪಿನ ರಬ್ಬರಿನ ಕವಚವಾಗಿದ್ದಿತು. ಅದನ್ನು ತೊಟ್ಟ ನಟನು ಕೊರಳನ್ನು ತಿರುಗಿಸಲಾರದೆ ಮೈಯನ್ನೇ ತಿರುಗಿಸಬೇಕಾಗುತ್ತಿತ್ತು. ಆದರೂ ಚಲಚ್ಚಿತ್ರವನ್ನು ಕಂಡಮೇಲೆ ಅದೇ ಜನರು ಮೆಚ್ಚಿ ತಲೆದೂಗಿದರು. ರಾತ್ರಿಯಲ್ಲಿ ಸಂಚರಿಸಿ ದುಷ್ಟರನ್ನು ಬೆದರಿಸುವ ಬ್ಯಾಟ್‌ಮ್ಯಾನನಿಗೆ ಕಪ್ಪು ಒಪ್ಪಿತು. ಹಗಲಿನಲ್ಲಿ ಬಂದು ಧೈರ್ಯ ಹೇಳುವ ಸೂಪರ್‌ಮ್ಯಾನನಿಗೆ ಒಪ್ಪಬೇಕೆಂದಿಲ್ಲ. ವೇಷವು ಹಳೆಯದೇ ಹೊಸದೇ ಎಂಬುದಕ್ಕಿಂತ, ಅದು ಪಾತ್ರದ ಧರ್ಮವನ್ನು ಹೇಳುವುದೇ ಎಂಬುದೇ ಮುಖ್ಯವಾದ ಪ್ರಶ್ನೆ.

ಕಥೆಯ ಪುಟಗಳಲ್ಲಿ ಚಲ್ಲಣವು 2018ರಲ್ಲಿ, ‘ಆಕ್ಷನ್ ಕಾಮಿಕ್ಸ್’ ಪತ್ರಿಕೆಯ 1000ನೆಯ ಸಂಚಿಕೆಯಲ್ಲಿ, ನಾಯಕನಿಗೆ ಎಂಬತ್ತು ವರ್ಷ ತುಂಬಿದ ಸಂದರ್ಭದಲ್ಲಿ ಮರಳಿ ಬಂದಿತು. ಬೆಳ್ಳಿಯ ತೆರೆಯ ಸರದಿ ಇನ್ನೂ ಉಳಿದಿತ್ತು. 2024ನೆಯ ಇಸವಿ ಮೇ 6ನೆಯ ತಾರೀಖು ನಿರ್ದೇಶಕ ಜೇಮ್ಸ್ ಗನ್ ತನ್ನ ಹೊಸ ಚಲಚ್ಚಿತ್ರದ ಮೊದಲನೆಯ ಭಾವಚಿತ್ರವನ್ನು ಪ್ರಕಟಿಸಿದನು. ಅದರಲ್ಲಿ ನಾಯಕನು ಹಾರುತ್ತಲೂ ಇಲ್ಲ, ಹೋರಾಡುತ್ತಲೂ ಇಲ್ಲ. ಕಿಟಕಿಯ ಹೊರಗೆ ನಗರವು ಅಪಾಯದಲ್ಲಿರಲು, ಡೇವಿಡ್ ಕೊರೆನ್‌ಸ್ವೆಟ್ ಎಂಬ ತರುಣನಟನು ಕುಳಿತು, ಕೆಲಸಕ್ಕೆ ಹೊರಡುವ ಯಾವನೋ ಒಬ್ಬ ಗೃಹಸ್ಥನಂತೆ, ಬೂಟನ್ನು ಕಾಲಿಗೆ ಏರಿಸಿಕೊಳ್ಳುತ್ತಿರುವನು. ಜೂಡಿಯಾನಾ ಮಕೋವ್ಸ್ಕಿ ಎಂಬಾಕೆ ವಿನ್ಯಾಸಗೊಳಿಸಿದ ಆ ಉಡುಪು ಸ್ವಲ್ಪ ಸಡಿಲ, ಅಲ್ಲಲ್ಲಿ ಸುಕ್ಕು; ಕೆಂಪು ಚಲ್ಲಣವು ಮರಳಿ ಸ್ವಸ್ಥಾನಕ್ಕೆ ಬಂದಿದ್ದಿತು. ಪುನಃ ವಾದವೆದ್ದಿತು. ಸುಕ್ಕನ್ನು ಕಂಡು ಹಲವರು ಮೂಗು ಮುರಿದರು. ಹಲವರು ಅದರಲ್ಲಿಯೇ ಮನುಷ್ಯತ್ವವನ್ನು ಕಂಡರು. ಅದೇ ವರ್ಷ ಡಿಸೆಂಬರಿನಲ್ಲಿ ಚಲಚ್ಚಿತ್ರದ ಮುನ್ನೋಟದ ತುಣುಕು ಹೊರಬಂದಾಗ, ಒಂದೇ ದಿನದಲ್ಲಿ ಅದನ್ನು 25 ಕೋಟಿ ಬಾರಿ ನೋಡಲಾಯಿತೆಂದು ನಿರ್ದೇಶಕನು ತಿಳಿಸಿದನು. ಜನರ ನಿರೀಕ್ಷೆಯು ಎಷ್ಟಿತ್ತೆಂಬುದನ್ನು ಇದರಿಂದ ಊಹಿಸಬಹುದು.

ಚಲ್ಲಣವು ಮರಳಿದುದು ಹೇಗೆಂಬುದನ್ನು ಗನ್ ಆಮೇಲೆ ವಿವರಿಸಿದನು. ಅವನ ಒಲವು ಮೊದಲು ಚಲ್ಲಣದ ಕಡೆಗಿರಲಿಲ್ಲ. ಅದಿರುವ ಉಡುಪನ್ನೂ ಇಲ್ಲದ ಉಡುಪನ್ನೂ ತೊಡಿಸಿ ಪರೀಕ್ಷಿಸುತ್ತಿರುವಾಗ, ಕೊರೆನ್‌ಸ್ವೆಟ್ ಒಂದು ಮಾತನ್ನು ಮುಂದಿಟ್ಟನು. ಈ ನಾಯಕನು ಅನ್ಯಲೋಕದಿಂದ ಬಂದವನು. ಕಣ್ಣಿನಿಂದ ಬೆಂಕಿಯನ್ನು ಕಾರಬಲ್ಲನು. ಉಸಿರಿನಿಂದ ಕಟ್ಟಡವನ್ನು ಕೆಡವಬಲ್ಲನು. ಇಂಥವನನ್ನು ಕಂಡರೆ ಮಕ್ಕಳು ಹೆದರದೆ ಇರುವರೆ? ಅವರು ಹೆದರಬಾರದೆಂದೇ ಅವನು ಸಂತೋಷದ ಬಣ್ಣಗಳನ್ನೂ, ಕುಸ್ತಿಯ ಜಟ್ಟಿಯಂತಹ ಚಲ್ಲಣವನ್ನೂ ತೊಡುವನು, ಎಂಬುದು ಆ ಮಾತಿನ ತಾತ್ಪರ್ಯ. ನಿರ್ದೇಶಕನಿಗೆ ಇದು ಒಪ್ಪಿಗೆಯಾಯಿತು. 2025ನೆಯ ಇಸವಿ ಜುಲೈ 11ನೆಯ ತಾರೀಖು ಅಮೇರಿಕಾದಲ್ಲಿ ಬಿಡುಗಡೆಯಾದ ಆ ಚಲಚ್ಚಿತ್ರವು ಲೋಕದಾದ್ಯಂತ 60 ಕೋಟಿ ಡಾಲರುಗಳಿಗೂ ಮಿಗಿಲಾದ ಹಣವನ್ನು ಗಳಿಸಿತು. ಚಲ್ಲಣವನ್ನು ನೋಡಿ ಯಾರೂ ಎದ್ದುಹೋಗಲಿಲ್ಲ.

ಗೊಂಬೆ, ಅಂಗಿ, ಟಿಕೀಟುಗಳ ಮಾರಾಟಗಾರರಿಗೆ ಅಭಿಮಾನಿಗಳ ಈ ಕಾತರತೆಯು ಲಾಭದ ಬೆಳೆಯೆಂಬುದು ಸುಳ್ಳಲ್ಲ. ಒಂದು ಭಾವಚಿತ್ರ, ಒಂದು ತುಣುಕು ಎಂದು ಅಳೆದಳೆದು ಬಿಟ್ಟು ಆಸೆಯನ್ನು ಬೆಳೆಸುವುದು ವ್ಯಾಪಾರದ ಜಾಣತನವೇ ಹೌದು. ಆದರೂ ಬಟ್ಟೆಯ ನೆಪದಲ್ಲಿ ಆ ಜನರು ಕೇಳಿದ ಪ್ರಶ್ನೆಯು ಕ್ಷುಲ್ಲಕವಾದುದಲ್ಲ. ಬಲವುಳ್ಳವನು ದುರ್ಬಲರೆದುರಿಗೆ ಯಾವ ರೂಪದಲ್ಲಿ ಬರಬೇಕು? ನೋಡಿದೊಡನೆ ನಡುಗುವಂತೆಯೋ, ನೋಡಿದೊಡನೆ ನೆಮ್ಮದಿಯಾಗುವಂತೆಯೋ? ದರ್ಜಿಯ ಮಗನಾದ ಚಿತ್ರಗಾರನೊಬ್ಬನು ಸುಮಾರು ತೊಂಬತ್ತು ವರ್ಷಗಳ ಹಿಂದೆ ಕೆಂಪು ಬಣ್ಣದಲ್ಲಿ ಕುಂಚವನ್ನದ್ದಿ ಅದಕ್ಕೆ ತನ್ನ ಉತ್ತರವನ್ನು ಬರೆದಿಟ್ಟಿದ್ದನು. ಮಗುವೊಂದು ಹೆದರದೆ ಕೈ ಹಿಡಿಯುವುದಾದರೆ, ದೊಡ್ಡವರು ನಾಲ್ಕು ಮಂದಿ ನಕ್ಕರೂ ವೀರನಿಗೆ ಅದರಿಂದ ಕೊರತೆಯಿಲ್ಲ.